ಅವ್ವನ ಆಯುಷ್ಮಾನ್ ಕಾರ್ಡ್ ಕಳೆದಿದೆ, ಮುಂದೇನು?

ಪ್ರಶ್ನೆ: ನಮ್ಮ ಅವ್ವನ ಆಯುಷ್ಮಾನ್ ಕಾರ್ಡ್ ಎಲ್ಲಿ ಹೋಗ್ಯದೋ ಗೊತ್ತಿಲ್ರಿ. ನನ್ನದು ಮಳ್ಯಾಗ ತೊಯ್ದು ಅಕ್ಷರನೇ ಕಾಣವಲ್ಲವು. ಅವ್ವನ್ನ ಕಲಬುರಗಿ ದವಾಖಾನಿಗಿ ಕರ್ಕೊಂಡು ಹೋಗಬೇಕು. ಮತ್ತ ಹೊಸ ಅರ್ಜಿ ಹಾಕಬೇಕೇನ್ರಿ?
— ಯಾದಗಿರಿ ಜಿಲ್ಲೆಯ ಓದುಗರು

ಉತ್ತರ: ಹೊಸ ಅರ್ಜಿ ಬೇಡ. ನಿಮ್ಮಿಬ್ಬರ ನೋಂದಣಿ ಕಂಪ್ಯೂಟರಿನಲ್ಲಿ ಹಾಗೇ ಇದೆ, ಅದರ ಇನ್ನೊಂದು ಪ್ರತಿ ತೆಗೆಸಿದರೆ ಸಾಕು. ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ. ಅವ್ವನನ್ನೂ ಕರೆದೊಯ್ಯಿರಿ. ಮೊಬೈಲ್ ಬಳಸುವ ರೂಢಿ ಇದ್ದರೆ ಆಯುಷ್ಮಾನ್ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆ ಕೊಟ್ಟು ನೀವೇ ಇಳಿಸಿಕೊಳ್ಳಬಹುದು.

ನಮ್ಮ ಭಾಗದ ಜನ ಸಿಕ್ಕಿಕೊಳ್ಳುವುದು ಒಟಿಪಿಯಲ್ಲಿ. ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದವರ ಸಿಮ್ ಬದಲಾಗಿರುತ್ತದೆ, ಆಧಾರಿಗೆ ಜೋಡಿಸಿದ್ದು ಹಳೆಯ ನಂಬರೇ ಆಗಿರುತ್ತದೆ. ಆಗ ಕೇಂದ್ರದಲ್ಲಿ ಬೆರಳಚ್ಚು ಕೊಡಬೇಕು. ಹೊಲದ ಕೆಲಸದಲ್ಲಿ ಬೆರಳು ಸವೆದವರಿಗೆ ಅದೂ ಹೊಂದುವುದಿಲ್ಲ. ಒಮ್ಮೆ ಹೊಂದಲಿಲ್ಲವೆಂದು ಅವ್ವನನ್ನು ವಾಪಸ್ ಕಳಿಸಿದರೆ ಸುಮ್ಮನೆ ಬರಬೇಡಿ. ಕಣ್ಣಿನ ಅಥವಾ ಮುಖದ ಗುರುತಿನಿಂದ ಆಗುತ್ತದೆಯೇ ಕೇಳಿ. ಹಾಗೆಯೇ ಆಧಾರ್ ಕೇಂದ್ರದಲ್ಲಿ ಈಗಿನ ನಂಬರ್ ಸೇರಿಸಿಬಿಡಿ, ಮುಂದೆ ಬಹಳ ಓಡಾಟ ಉಳಿಯುತ್ತದೆ.

ಆಯುಷ್ಮಾನ್ ಕಾರ್ಡಿಗಿಂತ ಹೆಚ್ಚು ಜೋಪಾನ ಮಾಡಬೇಕಾದ್ದು ರೇಷನ್ ಕಾರ್ಡ್ ಎಂಬುದು ನನ್ನ ಖಚಿತ ಅಭಿಪ್ರಾಯ. ಕರ್ನಾಟಕದಲ್ಲಿ ಯಾರಿಗೆ ಎಷ್ಟು ಎಂದು ತೀರ್ಮಾನವಾಗುವುದು ಅದರ ಮೇಲೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ (ಪ್ಯಾಕೇಜ್ ದರ) ಶೇ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ರೇಷನ್ ಕಾರ್ಡಿನಿಂದ ಅವ್ವನ ಹೆಸರು ಬಿಟ್ಟುಹೋಗಿದ್ದರೆ ಅಥವಾ ಆಧಾರ್‌ನಲ್ಲಿ ಹೆಸರು ಬೇರೆ ಥರ ಇದ್ದರೆ ಅದನ್ನು ಮೊದಲು ಸರಿಪಡಿಸಿ.

ದವಾಖಾನೆಗೆ ತುರ್ತಾಗಿ ಹೋಗಬೇಕಾಗಿ ಬಂದರೆ ಕಾರ್ಡಿಗಾಗಿ ಕಾಯಬೇಡಿ. ಕಲಬುರಗಿಯ ಜಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಆಧಾರ್ ಮತ್ತು ರೇಷನ್ ಕಾರ್ಡ್ ತೋರಿಸಿ, ರೋಗಿಗಳಿಗೆ ಈ ಯೋಜನೆಯ ಸಹಾಯ ಮಾಡಲು ಅಲ್ಲಿರುವ ಆರೋಗ್ಯ ಮಿತ್ರರನ್ನು ಕಾಣಿ. ಖಾಸಗಿ ಆಸ್ಪತ್ರೆಯಾದರೆ ಅದು ಯೋಜನೆಯ ಪಟ್ಟಿಯಲ್ಲಿರಬೇಕು, ಜೊತೆಗೆ ಸರ್ಕಾರಿ ವೈದ್ಯರ ರೆಫರಲ್ ಪತ್ರವೂ ಬೇಕು. ತುರ್ತು ಚಿಕಿತ್ಸೆಗಷ್ಟೇ ಇದರಿಂದ ವಿನಾಯಿತಿ. ಕಾರ್ಡ್ ಇದ್ದೂ ಈ ಪತ್ರವಿಲ್ಲದೆ ಕೈಯಿಂದ ದುಡ್ಡು ಕಟ್ಟಬೇಕಾಗಿ ಬಂದೀತು, ಇದನ್ನು ಮರೆಯಬೇಡಿ.

ಪೆಟ್ಟಿಗೆಯಲ್ಲಿ ಹಳೆಯ ವಾಜಪೇಯಿ ಆರೋಗ್ಯಶ್ರೀ ಕಾಗದ ಸಿಕ್ಕರೆ ಅದು ಈಗ ನಡೆಯದು. 2010ರಲ್ಲಿ ಆ ಯೋಜನೆ ಶುರುವಾದದ್ದೇ ನಮ್ಮ ಗುಲ್ಬರ್ಗಾ ವಿಭಾಗದಿಂದ, 2018ರಲ್ಲಿ ಅದು ಆರೋಗ್ಯ ಕರ್ನಾಟಕದೊಳಗೆ, ಅಂದರೆ ಈಗ ಆಯುಷ್ಮಾನ್ ಜೊತೆ ಸೇರಿ ನಡೆಯುವ ರಾಜ್ಯದ ಯೋಜನೆಯೊಳಗೆ, ಸೇರಿತು. ಇನ್ನು ‘ಆಭಾ’ ಎಂದು 14 ಅಂಕಿಯ ಕಾರ್ಡ್ ಕೈಗಿಟ್ಟರೆ, ಅದು ವೈದ್ಯಕೀಯ ದಾಖಲೆ ಇಡುವ ಗುರುತಿನ ಸಂಖ್ಯೆ ಮಾತ್ರ. ಅದರಿಂದ ಚಿಕಿತ್ಸೆಯ ಖರ್ಚು ಸಿಗುವುದಿಲ್ಲ.

ಹೊಸ ಪ್ರತಿ ಕೈಗೆ ಬಂದ ಕೂಡಲೇ ಅದರ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲ್‌ನಲ್ಲಾದರೂ ಇಡಿ. ಎಲ್ಲಾದರೂ ಅಡ್ಡಿ ಬಂದರೆ 104 ಅಥವಾ 14555ಕ್ಕೆ ಕರೆ ಮಾಡಿ.