ಪಾಚಿ: ಹೂ ಬಿಟ್ಟರೆ ಅದಲ್ಲ

ಮೊನ್ನೆ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಕೆರೆ ಪೂರ್ತಿ ಹಸಿರು, ನಡುನಡುವೆ ನೇರಳೆ ಹೂಗಳು. ಕೆಳಗೆ ಒಂದು ಸಾಲು: ‘ಕೆರೆ ತುಂಬ ಪಾಚಿ, ಕೇಳೋರಿಲ್ಲ.’ ಕೇಳೋರಿಲ್ಲ ಅನ್ನುವುದು ನಿಜ. ಪಾಚಿ ಅನ್ನುವುದು ಮಾತ್ರ ಸುಳ್ಳು. ಪಾಚಿ ಹೂ ಬಿಡುವುದಿಲ್ಲ. ಅದಕ್ಕೆ ಕಾಂಡ ಇಲ್ಲ, ಎಲೆ ಇಲ್ಲ, ನಿಜವಾದ ಬೇರೂ ಇಲ್ಲ. ಫೋಟೊದಲ್ಲಿದ್ದದ್ದು ವಾಟರ್ ಹಯಸಿಂತ್. ಮೊಣಕಾಲೆತ್ತರ ಬೆಳೆಯುವ, ಉಬ್ಬಿದ ತೊಟ್ಟಿನ, ಗೊಂಚಲು ಬೇರಿನ ಗಿಡ ಅದು. ಅದನ್ನು ಪಾಚಿ ಅನ್ನುವುದು ಕಬ್ಬಿನ ಗದ್ದೆ ತೋರಿಸಿ ‘ಗರಿಕೆ ಚೆನ್ನಾಗಿ ಬಂದಿದೆ’ ಅಂದ ಹಾಗೆ.

ಗ್ರೂಪಿನಲ್ಲಿ ಸುಮ್ನೆ ಇರಬಹುದಿತ್ತು. ಆದರೆ ಪತ್ರಿಕೆಯಲ್ಲಿ ಅದೇ, ಟಿವಿಯಲ್ಲಿ ಅದೇ, ಟೆಂಡರ್ ಪ್ರಕಟಣೆಯಲ್ಲೂ ಅದೇ. ಎಷ್ಟು ಸಲ ಅಂತ ಸುಮ್ಮನಿರುವುದು?

ಪದ ಒಳ್ಳೆಯದು, ಹಳೆಯದು, ನಮ್ಮದೇ. ‘ಪಚ್’ ಅನ್ನುವ ದ್ರಾವಿಡ ಬೇರಿನಿಂದ ಬಂದದ್ದು. ಅರ್ಥ ಹಸಿರು. ಅದೇ ಬೇರಿನ ಮಕ್ಕಳು ಪಚ್ಚೆ, ಹಸಿ, ಹಸಿರು. ಮೈಮೇಲೆ ಹಾಕಿಸಿಕೊಳ್ಳುವ ಹಚ್ಚೆಯೂ ಅದೇ ಮನೆಯದು, ಹಳೆಯ ಹಚ್ಚೆ ಹಸಿರಾಗಿ ಕಾಣುತ್ತದಲ್ವಾ. ತಮಿಳಿನಲ್ಲಿ ಇದು ಪಾಸಿ, ತೆಲುಗಿನಲ್ಲಿ ನಮ್ಮ ಹಾಗೇ ಪಾಚಿ. ಹೆಸರುಕಾಳಿಗೆ ತಮಿಳರು ಪಾಸಿಪಯರು ಅನ್ನುತ್ತಾರೆ. ಅಲ್ಲೂ ಪಾಸಿ ಅಂದರೆ ಹಸಿರು, ಅಷ್ಟೇ.

ಕನ್ನಡದಲ್ಲಿ ಒಂದು ಸ್ವಾರಸ್ಯ ಇದೆ. ಹಳಗನ್ನಡದ ಪಕಾರ ಮುಂದೆ ಹಕಾರ ಆಯಿತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪಸುರು ಹಸಿರಾಯಿತು. ಪಾಚಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಇವತ್ತಿಗೂ ನಾವು ಹಾಚಿ ಅನ್ನುವುದಿಲ್ಲ. ಜೊತೆಯಲ್ಲಿದ್ದ ಇನ್ನೊಂದು ಪದ ಪಾವಸೆ. ಅದು ಶಿಸ್ತಾಗಿ ಹಾವಸೆ ಆಗಿ ಬದಲಾಯಿತು. ವಚನಗಳಲ್ಲಿ ಬರುವ ಹಾವಸೆಗಲ್ಲು ನೆನಪಿರಬೇಕು, ಕಾಲಿಟ್ಟರೆ ಜಾರುವ ಕಲ್ಲು. ಪಠ್ಯಪುಸ್ತಕದವರು ಹಾವಸೆಯನ್ನು ಮಳೆಗಾಲದ ಗೋಡೆ ಮೇಲಿನ ಮಖಮಲ್ಲಿನಂಥ ಗಿಡಕ್ಕೆ ಕೊಟ್ಟು, ನೀರಿನದಕ್ಕೆ ಸಂಸ್ಕೃತದಿಂದ ಶೈವಲ ತಂದರು. ಮೇಷ್ಟ್ರು ಶೈವಲ ಅಂತ ಬರೆಸಿದರು, ನಾವು ಬರೆದೆವು, ಮನೆಗೆ ಬಂದು ತೊಟ್ಟಿ ತೊಳೆಯುವಾಗ ಪಾಚಿ ಅಂದೆವು. ಎರಡೂ ಒಂದೇ ಅಂತ ಹೊಳೆದದ್ದು ಎಷ್ಟೋ ವರ್ಷದ ಮೇಲೆ. (ಮಲಗುವುದಕ್ಕೆ ‘ಪಾಚ್ಕೊ’ ಅಂತಾರಲ್ಲ, ಅದು ಬೇರೆ ಸಂಗತಿ. ಅದನ್ನು ಇಲ್ಲಿಗೆ ಎಳೆದು ತರುವುದಿಲ್ಲ.)

ಜನರ ಬಳಕೆ ನೋಡಿ, ಎಷ್ಟು ಖಚಿತವಾಗಿದೆ. ಕಲ್ಯಾಣಿ ಮೆಟ್ಟಿಲಿಗೆ ಪಾಚಿ ಕಟ್ಟುತ್ತದೆ. ಬಚ್ಚಲಿಗೆ ಕಟ್ಟುತ್ತದೆ. ಉಜ್ಜದ ಹಲ್ಲಿಗೂ ಕಟ್ಟುತ್ತದೆ. ಹಲ್ಲಿನ ಮೇಲಿರುವುದು ಸಸ್ಯವೂ ಅಲ್ಲ, ಹಸಿರೂ ಅಲ್ಲ, ಬ್ಯಾಕ್ಟೀರಿಯಾಗಳ ಪದರ. ಆದರೂ ಪದ ಹೊಂದುತ್ತದೆ. ಯಾಕೆಂದರೆ ಪಾಚಿ ಅಂದರೆ ಲೋಳೆಯಾದ, ಜಾರುವ, ಕೆರೆದರೆ ಎದ್ದು ಬರುವ ತೆಳು ಪದರ. ಈ ಅರ್ಥದಲ್ಲಿ ಮೊಣಕಾಲೆತ್ತರದ ಗಿಡಕ್ಕೆ ಜಾಗ ಎಲ್ಲಿದೆ? ಒಂದು ರಿಯಾಯಿತಿ ಕೊಡುತ್ತೇನೆ. ತಮಿಳಿನ ಪಾಸಿಯಲ್ಲಿ ನೀರ ಮೇಲೆ ತೇಲುವ ಪುಟಾಣಿ ಗಿಡಗಳೂ ಸೇರುತ್ತವೆ. ಹಾಗಾಗಿ ಎಳ್ಳಿನ ಗಾತ್ರದ ಡಕ್‌ವೀಡ್‌ಗೆ ಯಾರಾದರೂ ಪಾಚಿ ಅಂದರೆ ನಾನು ಜಗಳಕ್ಕೆ ಬರುವುದಿಲ್ಲ. ಅದೂ ಹೂ ಬಿಡುವ ಗಿಡವೇ, ಆದರೆ ಆ ಹೂ ನೋಡಲು ಭೂತಗನ್ನಡಿ ಬೇಕು.

ಹೂವಿನ ಮಾತು ಬಂತು ಅಂತ ಇನ್ನೊಂದು ಸಿಟ್ಟು. ನೀರಿನಲ್ಲಿ ಪಾಚಿ ದಿಢೀರನೆ ಕೋಟಿಗಟ್ಟಲೆ ಹೆಚ್ಚಿ ನೀರಿನ ಬಣ್ಣವೇ ಬದಲಾಗುವುದಕ್ಕೆ ಇಂಗ್ಲಿಷಿನವರು ಬ್ಲೂಮ್ ಅನ್ನುತ್ತಾರೆ. ಅದನ್ನು ನಮ್ಮವರು ನಿಘಂಟು ನೋಡಿ ‘ಪಾಚಿ ಹೂಬಿಡುವಿಕೆ’ ಅಂತ ಇಳಿಸಿದ್ದಾರೆ. ‘ಪಾಚಿ ಅರಳುವಿಕೆ’ಯನ್ನೂ ಓದಿದ್ದೇನೆ. ಹೂವೇ ಇಲ್ಲದ್ದು ಅರಳುವುದು ಹೇಗೆ ಸ್ವಾಮಿ? ಇದನ್ನು ಓದಿದ ಹುಡುಗ ಕೆರೆಯಲ್ಲಿ ನೇರಳೆ ಹೂ ಕಂಡು ‘ಓ, ಪಾಚಿ ಹೂಬಿಟ್ಟಿದೆ’ ಅಂದರೆ ತಪ್ಪು ಅವನದಲ್ಲ. ಕನ್ನಡದಲ್ಲಿ ಮೊದಲೇ ಪದ ಇತ್ತು: ಪಾಚಿಗಟ್ಟು. ಕೆರೆ ಪಾಚಿಗಟ್ಟಿದೆ. ಮುಗಿಯಿತು.

ಹೆಸರಿನಲ್ಲಿ ಏನಿದೆ, ಎರಡೂ ಕೊಳಕು ನೀರಿನಲ್ಲೇ ತಾನೇ ಬರುವುದು ಅನ್ನುವವರಿಗೆ ನಮ್ಮ ಹತ್ತಿರದ ಒಂದು ಕೆರೆಯ ಕತೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಅಲ್ಲಿ ದಡದಿಂದ ದಡಕ್ಕೆ ವಾಟರ್ ಹಯಸಿಂತ್ ಹಬ್ಬಿತ್ತು. ‘ಪಾಚಿ ತೆಗೆಯುವ ಕೆಲಸ’ ಅಂತ ಬೋರ್ಡ್ ಹಾಕಿ ಜೆಸಿಬಿ ಇಳಿಸಿದರು. ತಿಂಗಳೊಳಗೆ ನೀರು ಕಂಡಿತು. ಎಲ್ಲರಿಗೂ ಖುಷಿ. ಇನ್ನೊಂದು ತಿಂಗಳಿಗೆ ಆ ನೀರು ಕೊತ್ತಂಬರಿ ಚಟ್ನಿ ಬಣ್ಣಕ್ಕೆ ತಿರುಗಿತು. ವಾಕಿಂಗ್ ಬರುವ ಹಿರಿಯರೊಬ್ಬರು ‘ಪಾಚಿ ತೆಗೆದ ಮೇಲೂ ಪಾಚಿ ಬಂತಲ್ಲ, ದುಡ್ಡು ತಿಂದರು ಕಣಯ್ಯ’ ಅಂದರು. ದುಡ್ಡಿನ ವಿಷಯ ನನಗೆ ಗೊತ್ತಿಲ್ಲ. ಆದರೆ ಮೊದಲು ತೆಗೆದದ್ದು ಪಾಚಿ ಆಗಿರಲಿಲ್ಲ. ಆಮೇಲೆ ಬಂತಲ್ಲ, ಅದು ಪಾಚಿ.

ಅಸಲು ವಿಷಯ ಇದು: ಇವೆರಡೂ ಒಂದೇ ತಟ್ಟೆಗೆ ಕೈ ಹಾಕುವ ದಾಯಾದಿಗಳು. ಚರಂಡಿ ನೀರಿನ ಜೊತೆ ಬರುವ ನೈಟ್ರೋಜನ್, ಫಾಸ್ಫರಸ್ ಎರಡಕ್ಕೂ ಬೇಕು. ಗಿಡ ಮೇಲೆ ಚಾಪೆ ಹಾಸಿಕೊಂಡಾಗ ಕೆಳಗೆ ಬಿಸಿಲು ಇಳಿಯುವುದಿಲ್ಲ. ಬಿಸಿಲಿಲ್ಲದೆ ಪಾಚಿ ಬೆಳೆಯುವುದಿಲ್ಲ. ಚಾಪೆ ಎತ್ತಿದಿರೋ, ಊಟ ರೆಡಿ ಇದೆ, ಬಿಸಿಲೂ ಸಿಕ್ಕಿತು, ಪಾಚಿಗೆ ಹಬ್ಬ. ಕಿತ್ತ ಗಿಡವನ್ನು ಏರಿ ಮೇಲೇ ರಾಶಿ ಹಾಕಿದರೆ ಅದು ಕೊಳೆತು ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ. ಹಾಗಂತ ಗಿಡ ತೆಗೆಯಬಾರದು ಅಂತಲ್ಲ. ತೆಗೆದದ್ದನ್ನು ದೂರ ಸಾಗಿಸಬೇಕು, ಬರುವ ಚರಂಡಿ ನೀರನ್ನು ತಡೆಯಬೇಕು. ಎರಡಕ್ಕೂ ಒಂದೇ ಹೆಸರಿಟ್ಟರೆ ಈ ಸರದಿ ಆಟವೇ ಕಣ್ಣಿಗೆ ಬೀಳುವುದಿಲ್ಲ.

ಪಾಚಿಯ ವಿಷಯದಲ್ಲಿ ಮುಖ್ಯ ಆಸಾಮಿ ಫಾಸ್ಫರಸ್. ಕೆನಡಾದ ಒಂಟಾರಿಯೊದಲ್ಲಿ ಕೆರೆ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಅವರ ಜೊತೆಯವರು 1973ರಲ್ಲಿ ಒಂದು ಕೆರೆಯನ್ನೇ ಎರಡು ಭಾಗ ಮಾಡಿ ನೋಡಿದರು. 226ನೇ ನಂಬರಿನ ಆ ಕೆರೆಗೆ ನಡುವೆ ಸಣ್ಣ ಸೊಂಟ ಇತ್ತು. ಅಲ್ಲಿ ಪ್ಲಾಸ್ಟಿಕ್ ಪರದೆ ಕಟ್ಟಿದರು. ಒಂದು ಕಡೆ ಕಾರ್ಬನ್ ಮತ್ತು ನೈಟ್ರೋಜನ್ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ಫಾಸ್ಫರಸ್. ಫಾಸ್ಫರಸ್ ಬಿದ್ದ ಕಡೆ ಪಾಚಿಗಟ್ಟಿತು, ಇನ್ನೊಂದು ಕಡೆ ತಿಳಿಯಾಗೇ ಉಳಿಯಿತು. ಮೇಲಿನಿಂದ ತೆಗೆದ ಆ ಫೋಟೊ ನೋಡಿದರೆ ವಾದ ಮಾಡಲು ಬಾಯಿ ಬರುವುದಿಲ್ಲ. ಬಟ್ಟೆ ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಕಡಿಮೆ ಮಾಡಿ ಅನ್ನುವ ಕೂಗಿಗೆ ಅಲ್ಲಿಂದ ಬಲ ಬಂತು. ನಮ್ಮಲ್ಲಿ ಎಸ್‌ಟಿಪಿಯಿಂದ, ಅಂದರೆ ಕೊಳಚೆ ನೀರು ಸಂಸ್ಕರಿಸುವ ಘಟಕದಿಂದ, ಬಂದ ನೀರು ಅಂದರೆ ಚೊಕ್ಕ ನೀರು ಅಂತ ನಂಬಿಕೆ. ಮಾಮೂಲಿ ಎರಡನೇ ಹಂತದ ಸಂಸ್ಕರಣೆಯಲ್ಲಿ ಫಾಸ್ಫರಸ್ ಬಹಳಷ್ಟು ಹಾಗೇ ಉಳಿದಿರುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರನ್ನು ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಆಮೇಲೆ ಕೆರೆಗೆ ಬಿಡುವುದು ಇದೇ ಕಾರಣಕ್ಕೆ.

ಮದ್ದಿನ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ದುಬಾರಿ. ವಾಟರ್ ಹಯಸಿಂತ್ ತಿನ್ನುವ ದಕ್ಷಿಣ ಅಮೆರಿಕ ಮೂಲದ ಸೊಂಡಿಲು ಹುಳುಗಳನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟಿದ್ದರು. ಕೆಲವು ಕಡೆ ಗಿಡ ಚೆನ್ನಾಗೇ ಕುಗ್ಗಿತು. ಆ ಹುಳು ಪಾಚಿಯ ತಂಟೆಗೆ ಹೋಗುವುದಿಲ್ಲ. ಬೆಳ್ಳಿ ಗೆಂಡೆ ಮೀನು ಪಾಚಿ ಸೋಸಿ ತಿನ್ನುತ್ತದೆ, ಹಯಸಿಂತ್ ಅದರ ಬಾಯಿಗೆ ದಕ್ಕುವ ವಸ್ತುವೇ ಅಲ್ಲ. ಅಡಿಕೆ ತೋಟದವರಿಗೆ ಗೊತ್ತಿರುವ ಮೈಲುತುತ್ತ ಪಾಚಿಯನ್ನು ಕೊಲ್ಲುತ್ತದೆ. ಆದರೆ ಕೆಲವು ಪಾಚಿಗಳು ಸಾಯುವಾಗ ಒಳಗಿನ ವಿಷವನ್ನೆಲ್ಲ ಒಮ್ಮೆಗೇ ನೀರಿಗೆ ಕಕ್ಕಿ ಸಾಯುತ್ತವೆ. ಕುಡಿಯುವ ನೀರಿನ ಕೆರೆಗೆ ಸುಮ್ನೆ ಸುರಿಯುವ ಪದಾರ್ಥ ಅಲ್ಲ ಅದು.

ವಿಷದ ಪಾಚಿ ಅಂದೆನಲ್ಲ, ಅದು ನೀಲಿಹಸಿರು ಪಾಚಿ. ತಮಾಷೆ ಏನೆಂದರೆ ವಿಜ್ಞಾನಿಗಳ ಲೆಕ್ಕದಲ್ಲಿ ಅದೂ ಪಾಚಿಯಲ್ಲ, ಬ್ಯಾಕ್ಟೀರಿಯಾ. ಜೀವಕೋಶಕ್ಕೆ ನ್ಯೂಕ್ಲಿಯಸ್ ಇಲ್ಲ. ಹಲ್ಲಿನ ಪಾಚಿಗೆ ಹೆಸರಿಟ್ಟ ನಮ್ಮ ಅಜ್ಜಿಯರು ಗೊತ್ತಿಲ್ಲದೇ ಸರಿಯಾಗಿದ್ದರು ನೋಡಿ! ಇದಕ್ಕೆ ಪಾಚಿ ಅನ್ನಲು ನನ್ನ ತಕರಾರು ಇಲ್ಲ, ನೋಡಲು ಮುಟ್ಟಲು ಅದು ಪಾಚಿಯೇ. ಇವುಗಳಲ್ಲಿ ಮೈಕ್ರೊಸಿಸ್ಟಿಸ್ ಅನ್ನುವುದು ಮೈಯೊಳಗೆ ಗಾಳಿಚೀಲ ಇಟ್ಟುಕೊಂಡು ಮೇಲೆ ತೇಲುತ್ತದೆ, ಗಾಳಿ ಬೀಸಿದ ದಡಕ್ಕೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಬಂದು ಸೇರುತ್ತದೆ. ಅದರ ವಿಷ ಲಿವರ್‌ಗೆ ಪೆಟ್ಟು ಕೊಡುತ್ತದೆ. ಕುದಿಸಿದರೂ ಹೋಗುವುದಿಲ್ಲ. ಈ ಗುಂಪಿನ ಮುಖ್ಯ ವಿಷಕ್ಕೆ ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರದಲ್ಲಿ ಲಕ್ಷಾಂತರ ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಅಂತ ಹೇಳಬೇಕಾಯಿತು. ಆ ಊರಿಗೆ ನೀರು ಕೊಡುವ ಈರಿ ಸರೋವರ ಪಾಚಿಗಟ್ಟಿತ್ತು. ಹಾಗಂತ ನೀಲಿಹಸಿರು ಎಲ್ಲವೂ ವಿಷವಲ್ಲ. ಡಬ್ಬಕ್ಕೆ ನೂರಾರು ರೂಪಾಯಿ ಕೊಟ್ಟು ನುಂಗುವ ಸ್ಪಿರುಲಿನಾ ಮಾತ್ರೆಯೂ ಇದೇ ಬಳಗ.

ಪಾಚಿ ಅಂದರೆ ಗಲೀಜು ಅನ್ನುವುದನ್ನೂ ಸ್ವಲ್ಪ ಬಿಡಬೇಕು. ಮೀನು ಸಾಕುವವರು ಹೊಂಡಕ್ಕೆ ಸಗಣಿ ಹಾಕಿ ಬೇಕಂತಲೇ ನೀರನ್ನು ಹಸಿರು ಮಾಡುತ್ತಾರೆ. ಪಾಚಿ ಇಲ್ಲದೆ ಅದನ್ನು ತಿನ್ನುವ ಸಣ್ಣ ಜೀವಿ ಇಲ್ಲ, ಅದಿಲ್ಲದೆ ಕಾಟ್ಲಾ ಇಲ್ಲ. ಅತಿಯಾದಾಗ ಮಾತ್ರ ತೊಂದರೆ, ಅದೂ ರಾತ್ರಿ. ಹಗಲು ಪಾಚಿ ನೀರಿಗೆ ಆಕ್ಸಿಜನ್ ತುಂಬುತ್ತದೆ, ಕತ್ತಲಾದರೆ ತಾನೇ ಉಸಿರಾಡಿ ಖಾಲಿ ಮಾಡುತ್ತದೆ. ಮೀನು ಸಾಯುವುದು ಬೆಳಗಿನ ಜಾವ. ಹನ್ನೊಂದು ಗಂಟೆಗೆ ತಿಂಡಿ ಮುಗಿಸಿ ಬಂದು ನೀರು ಪರೀಕ್ಷೆ ಮಾಡಿದರೆ ಆಕ್ಸಿಜನ್ ಭರ್ಜರಿಯಾಗೇ ಇರುತ್ತದೆ. ಹಯಸಿಂತ್ ಮುಚ್ಚಿದ ಕೆರೆಯಲ್ಲಿ ಹಾಗಲ್ಲ. ಅದರ ಎಲೆಗಳು ಆಕ್ಸಿಜನ್ ಬಿಡುವುದು ಗಾಳಿಗೆ. ಕೆಳಗಿನ ನೀರು ಹಗಲೂ ರಾತ್ರಿಯೂ ಉಸಿರುಗಟ್ಟಿರುತ್ತದೆ.

ಸರಿ, ಆ ನೇರಳೆ ಹೂವಿನದಕ್ಕೆ ಏನನ್ನಬೇಕು? ಪತ್ರಿಕೆಗಳು ಅಂತರಗಂಗೆ ಅನ್ನುತ್ತವೆ. ಅದೂ ಎರವಲು ಹೆಸರೇ. ಅಂತರಗಂಗೆ ಅಸಲಿಗೆ ಬೇರೆ ಗಿಡ, ಸಣ್ಣ ಎಲೆಕೋಸು ಬಿಚ್ಚಿಟ್ಟ ಹಾಗೆ ತೇಲುತ್ತದೆ, ಎಲೆ ಮೇಲೆ ನವಿರಾದ ಕೂದಲು, ನೀರು ಹಾಕಿದರೆ ಹನಿ ಜಾರುತ್ತದೆ. ಹಯಸಿಂತ್ ನಮ್ಮ ದೇಶಕ್ಕೆ ಬಂದದ್ದೇ ದಕ್ಷಿಣ ಅಮೆರಿಕದಿಂದ, ಬ್ರಿಟಿಷರ ಕಾಲದಲ್ಲಿ. ಬಂಗಾಳದಲ್ಲಿ ಅದರ ಕಾಟ ತಡೆಯಲಾರದೆ 1936ರಲ್ಲಿ ಕಾನೂನನ್ನೇ ಮಾಡಿದರು. ಹೊಸಬನಿಗೆ ಹೆಸರು ಇರಲಿಲ್ಲ, ಪಕ್ಕದಲ್ಲಿ ತೇಲುತ್ತಿದ್ದವನ ಹೆಸರು ಅಂಟಿತು. ಕೋಲಾರದವರಿಗಂತೂ ಅಂತರಗಂಗೆ ಅಂದರೆ ಬೆಟ್ಟ, ಬಸವನ ಬಾಯಿಂದ ಬೀಳುವ ತಿಳಿ ನೀರು. ಅವರ ಮುಂದೆ ‘ಕೆರೆಗೆ ಅಂತರಗಂಗೆ ಕಾಟ’ ಅಂದರೆ ಹೇಗಿರುತ್ತೆ? ಆದರೂ ಈ ಯುದ್ಧ ನಾನು ಕೈಬಿಟ್ಟಿದ್ದೇನೆ. ಅಂತರಗಂಗೆ ಅನ್ನಿ, ಜಲಕುಂಭಿ ಅನ್ನಿ, ಸುಮ್ನೆ ಜಲಕಳೆ ಅನ್ನಿ. ಪಾಚಿ ಅನ್ನಬೇಡಿ.

ಅನುಮಾನ ಬಂದರೆ ಒಂದು ಕೋಲು ತಗೊಳ್ಳಿ, ಕೈ ಹಾಕಬೇಡಿ. ಕೋಲಿಗೆ ಗಿಡ ಸಿಕ್ಕಿ ಬೇರು ನೇತಾಡಿದರೆ ಅದು ಕಳೆ. ಹಸಿರು ನೂಲಿನ ಉಂಡೆ ಬಂದರೆ ಎಳೆಪಾಚಿ. ಕಾಳುಕಾಳಾಗಿ ಅಂಟಿಕೊಂಡರೆ ಡಕ್‌ವೀಡ್. ಸುಕ್ಕುಸುಕ್ಕಾದ ಸಣ್ಣ ಎಲೆ ಅಂಟಿದರೆ ಅಜೋಲಾ ಇರಬಹುದು, ಹಸುವಿಗೆ ಹಾಕುತ್ತಾರಲ್ಲ ಅದು. ಅದು ಜರೀಗಿಡದ ಜಾತಿ, ಎಲೆಯೊಳಗೆ ನೀಲಿಹಸಿರು ಪಾಚಿಯನ್ನು ಬಾಡಿಗೆಗೆ ಇಟ್ಟುಕೊಂಡಿರುತ್ತದೆ. ಕೋಲು ಪೇಂಟ್‌ನಲ್ಲಿ ಅದ್ದಿದ ಹಾಗೆ ಬಂದರೆ ಆ ನೀರಿಗೆ ದನ, ನಾಯಿ ಬಿಡಬೇಡಿ. ಬಿಳಿ ನೊರೆ ಬಂದರೆ ಅದು ಸೋಪು, ಬೆಳ್ಳಂದೂರು ಕೆರೆಯವರನ್ನು ಕೇಳಿ.

ಇನ್ನು ಕೆಲವು ಹೊಂಡಗಳಲ್ಲಿ ಬೆಳಿಗ್ಗೆ ಹಸಿರಾಗಿದ್ದ ಪದರ ಬಿಸಿಲೇರಿದ ಮೇಲೆ ಇಟ್ಟಿಗೆ ಕೆಂಪಾಗುತ್ತದೆ. ಊರವರು ಯಾರೋ ಬಣ್ಣ ಸುರಿದರು ಅಂತ ಗಾಬರಿಯಾಗುತ್ತಾರೆ. ಅದು ಯೂಗ್ಲೀನಾ ಅನ್ನುವ ಒಂದೇ ಜೀವಕೋಶದ ಜೀವಿ. ಬಿಸಿಲು ಜಾಸ್ತಿಯಾದಾಗ ಒಳಗಿನ ಕೆಂಪು ಬಣ್ಣವನ್ನು ಕೊಡೆ ಬಿಡಿಸಿದ ಹಾಗೆ ಹರಡಿಕೊಳ್ಳುತ್ತದೆ. ಪಾಚಿ ಅನ್ನುವ ಪದದ ಅರ್ಥ ಹಸಿರು, ಇಲ್ಲಿ ಕಾಣುವುದು ಕೆಂಪು. ಆದರೂ ಅದು ಪಾಚಿಯೇ.