ಹಿತ್ತಲ ಕೊಳ ಸೋರುತ್ತಿದೆಯಾ? ಮೊದಲು ಮಣ್ಣು ನೋಡಿ

ಪಾಳು ಬಿದ್ದ ಹಿತ್ತಲ ಕೊಳ ಸರಿ ಮಾಡಿಸಬೇಕು ಅಂತ ಕರೆಯುವವರು ಹೆಚ್ಚಾಗಿ ಪಂಪು, ಕಾರಂಜಿ, ಬಣ್ಣದ ದೀಪದಿಂದಲೇ ಮಾತು ಶುರು ಮಾಡುತ್ತಾರೆ. ನಾನು ಕೇಳುವುದು, 'ನಿಮ್ಮ ಮನಿ ಯಾವ ಕಡೆ ಬರ್ತದ್ರೀ?' ಅಂತ. ಧಾರವಾಡದಿಂದ ಕಲಘಟಗಿ, ಅಳ್ನಾವರದ ಕಡೆ ಹೋದರೆ ಕೆಂಪು ಮಣ್ಣು, ಗರಸು. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ನವಲಗುಂದ, ಗದಗ ಅಂದರೆ ಎರೆಮಣ್ಣು, ಅದೇ ಕಪ್ಪು ಜಿಗುಟು ಮಣ್ಣು. ಹುಬ್ಬಳ್ಳಿ ಊರೊಳಗೆ ಎರಡೂ ಸಿಗುತ್ತವೆ. ಕೊಳದ ಪಕ್ಕ ಎರಡಡಿ ಅಗೆದು ನೋಡಿಬಿಡಿ. ನಿಮ್ಮ ಖರ್ಚು ಎಷ್ಟಾಗುತ್ತದೆ ಅನ್ನೋದು ಅಲ್ಲೇ ಅರ್ಧ ಗೊತ್ತಾಗುತ್ತದೆ.

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಪ್ರತಿ ವರ್ಷ ಇದೇ ಆಟ. ಅದರ ನಡುವೆ ಕೂತ ಸಿಮೆಂಟ್ ತೊಟ್ಟಿ ಬಿರುಕು ಬಿಡದೆ ಏನು ಮಾಡೀತು? ಗೌಂಡಿ ಬಂದು ಒಳಗೆಲ್ಲ ಹೊಸ ಪ್ಲಾಸ್ಟರ್ ಮಾಡಿ ಹೋಗುತ್ತಾನೆ. ಒಂದು ಬೇಸಿಗೆ ಕಳೆಯುವುದರೊಳಗೆ ಅದೇ ಜಾಗದಲ್ಲಿ ಗೆರೆ ಕಾಣಿಸುತ್ತದೆ. ತಪ್ಪು ಗೌಂಡಿಯದಲ್ಲ, ಮಣ್ಣಿನ ಗುಣವೇ ಹಾಗೆ.

ಅದಕ್ಕೂ ಮೊದಲು, ಕೊಳ ನಿಜವಾಗಿಯೂ ಸೋರುತ್ತಿದೆಯಾ ಅಂತ ನೋಡಬೇಕು. ಏಪ್ರಿಲ್ ಬಿಸಿಲು, ಮೇಲೆ ಗಾಳಿ. ನೀರು ಸುಮ್ನೆ ಆರಿಯೂ ಇಳಿಯುತ್ತದೆ. ಕೊಳ ತುಂಬಿಸಿ, ಒಂದು ಬಕೆಟ್‌ಗೂ ನೀರು ತುಂಬಿ ಅದನ್ನು ಕೊಳದೊಳಗೇ ಕಲ್ಲಿನ ಮೇಲೆ ಇಡಿ. ಎರಡರಲ್ಲೂ ನೀರಿನ ಮಟ್ಟಕ್ಕೆ ಗುರುತು ಹಾಕಿ. ಒಂದು ದಿನ ಬಿಟ್ಟು ನೋಡಿದಾಗ ಎರಡೂ ಒಂದೇ ಸಮ ಇಳಿದಿದ್ದರೆ ಅದು ಬಿಸಿಲಿನ ಕೆಲಸ. ಕೊಳ ಜಾಸ್ತಿ ಇಳಿದಿದ್ದರೆ ಸೋರಿಕೆ. ಆಗ ನೀರು ಹಾಕದೆ ಹಾಗೇ ಬಿಡಿ. ಇಳಿಯುತ್ತ ಬಂದು ಎಲ್ಲಿ ನಿಲ್ಲುತ್ತದೋ ಆ ಗೆರೆಯ ಆಸುಪಾಸಿನಲ್ಲೇ ಬಿರುಕು ಇರುತ್ತದೆ. ಗೋಡೆಯ ಪಾಚಿ ತಿಕ್ಕಿ ತೆಗೆದು, ಆ ಗೆರೆಗಿಂತ ನಾಲ್ಕು ಬೆರಳು ಮೇಲಕ್ಕೆ ಬರುವಷ್ಟು ನೀರು ಬಿಟ್ಟು, ಅದು ಅಲುಗಾಡದೆ ನಿಲ್ಲಲಿ. ಗಟ್ಟಿಯಾಗಿ ಕಲಸಿದ ಅರಿಶಿನದ ನೀರನ್ನು ಗೋಡೆಗುಂಟ ಒಂದೊಂದೇ ಹನಿ ಬಿಡುತ್ತ ಹೋಗಿ. ಬಿರುಕಿಲ್ಲದ ಕಡೆ ಹಳದಿ ಮೋಡದಂತೆ ತೇಲುತ್ತ ನಿಲ್ಲುತ್ತದೆ. ಬಿರುಕು ಇದ್ದಲ್ಲಿ ಸಣ್ಣ ದಾರವಾಗಿ ಗೋಡೆಯೊಳಗೆ ಎಳೆದುಕೊಂಡು ಹೋಗುತ್ತದೆ. ಇದನ್ನು ಹುಡುಕಲು ಸಾವಿರಾರು ರೂಪಾಯಿಯ ಯಂತ್ರ ಏನೂ ಬೇಡ.

ಕೆಂಪು ಮಣ್ಣಿನ ಜಾಗವಾದರೆ ರಿಪೇರಿ ಸುಲಭ. ಬಿರುಕನ್ನು ಉಳಿಯಿಂದ ಅಗಲ ಮಾಡಿ, ಧೂಳು ತೆಗೆದು, ಒದ್ದೆ ಮಾಡಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಸಣ್ಣ ಮರಳು, ಜೊತೆಗೆ ವಾಟರ್‌ಪ್ರೂಫಿಂಗ್ ಲಿಕ್ವಿಡ್ ಹಾಕಿ ಒತ್ತಿ ತುಂಬಿಸಿ. ಒಂದು ವಾರ ಕ್ಯೂರಿಂಗ್, ಅಂದರೆ ಆರದಂತೆ ಒದ್ದೆಯಾಗಿಡುವುದು, ಬೇಕೇ ಬೇಕು. ಹೊಸ ಸಿಮೆಂಟಿನ ಸುಣ್ಣದ ಅಂಶ ನೀರಿಗೆ ಬಿಟ್ಟು ಮೀನು ಸಾಯುತ್ತವೆ. ಅದಕ್ಕೇ ಎರಡು ಮೂರು ಸಲ ನೀರು ತುಂಬಿ, ಕೆಲವು ದಿನ ಬಿಟ್ಟು, ಖಾಲಿ ಮಾಡಬೇಕು. ಮೀನು ಸಾಕುವವರು ಬಾಳೆ ದಿಂಡು ಕೊಚ್ಚಿ ಹಾಕಿ ಕೊಳೆಯಲು ಬಿಡುವ ಪದ್ಧತಿಯೂ ಇದೆ. ವಾಸನೆ ತಡೆದುಕೊಳ್ಳುವವರು ಮಾಡಬಹುದು.

ಎರೆಮಣ್ಣಾದರೆ ಸಿಮೆಂಟಿಗೆ ದುಡ್ಡು ಸುರಿಯಬೇಡಿ. ಹಳೇ ತೊಟ್ಟಿಯ ಮೇಲೆಯೇ ಹಾಳೆ ಹಾಸಿಬಿಡಿ. ಮಣ್ಣು ಅಲುಗಿದರೂ ಹಾಳೆ ಅದರ ಜೊತೆ ಬಾಗುತ್ತದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪಾಲಿಥಿನ್ ಹಾಳೆ ಹೊಸ ವಸ್ತುವೇನಲ್ಲ. ಹಾಸುವವರ ಹತ್ತಿರ ಕತ್ತರಿಸಿ ಉಳಿದ ತುಂಡು ಇರುತ್ತವೆ, ಕೇಳಿ ನೋಡಿ. ನಮ್ಮ ಸಣ್ಣ ಕೊಳಕ್ಕೆ ತುಂಡೇ ಸಾಕು. ಅಳತೆ ಹೀಗೆ: ಉದ್ದಕ್ಕೆ ಆಳದ ಎರಡರಷ್ಟು ಕೂಡಿಸಿ, ಅಂಚಿಗೆ ಎರಡಡಿ ಸೇರಿಸಿ. ಅಗಲಕ್ಕೂ ಅಷ್ಟೇ. 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳದ ಕೊಳಕ್ಕೆ 12 ಅಡಿಗೆ 10 ಅಡಿ ಹಾಳೆ ಬೇಕು. ನೀಲಿ ತಾಡಪತ್ರಿ ಅಗ್ಗ ಅಂತ ತರಬೇಡಿ, ಬಿಸಿಲಿಗೆ ಪುಡಿಯಾಗುತ್ತದೆ. ಹಾಳೆಯ ಕೆಳಗೆ ಮೆತ್ತಗೆ ಏನಾದರೂ ಬೇಕು. ಹಳೇ ಫ್ಲೆಕ್ಸ್ ಬ್ಯಾನರ್ ಇದಕ್ಕೆ ಹೇಳಿ ಮಾಡಿಸಿದ್ದು. ಚುನಾವಣೆ ಮುಗಿದ ಮೇಲಂತೂ ಕೇಳೋದೇ ಬೇಡ, ನಗುಮುಖಗಳನ್ನು ಕೆಳಮುಖ ಮಾಡಿ ಎರಡು ಮೂರು ಪದರ ಹಾಸಿ. ಹಳೇ ಕೌದಿ ಬೇಡ, ಕೊಳೆತು ಹೋಗುತ್ತದೆ. ಅಂಚನ್ನು ಒಡೆದ ಶಹಾಬಾದ್ ಫರಸಿಯಿಂದ ಮುಚ್ಚಿದರೆ ಬಿಸಿಲು ಹಾಳೆಗೆ ತಾಗುವುದಿಲ್ಲ, ನೋಡಲೂ ಚೆಂದ.

ಕೆಲಸ ಮೇ ಕೊನೆಯೊಳಗೆ ಮುಗಿಸಿ. ಆ 6x4ರ ಕೊಳಕ್ಕೆ ಸುಮಾರು 1,350 ಲೀಟರ್ ನೀರು ಬೇಕು. ನಲ್ಲಿ ನೀರು ದಿನ ಎಣಿಸಿ ಬರುವ ಊರಲ್ಲಿ ಅಷ್ಟು ನೀರು ಕೊಳಕ್ಕೆ ಸುರಿದರೆ ಮನೆಯಲ್ಲಿ ಜಗಳ ಖಂಡಿತ! 1,000 ಚದರಡಿ ಮಾಳಿಗೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್‌ನಷ್ಟು ನೀರು ಬರುತ್ತದೆ. ಮೊದಲ ಮಳೆ ಮಾಳಿಗೆಯ ಧೂಳು ತೊಳೆಯಲಿ, ಆಮೇಲಿನದ್ದನ್ನು ಪೈಪಿನಿಂದ ಕೊಳಕ್ಕೆ ತಿರುಗಿಸಿ. ಬೋರಿನ ಗಡಸು ನೀರು ಹಾಕಿದರೆ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತದೆ. ನಲ್ಲಿ ನೀರೇ ಗತಿಯಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟು ಹಾಕಿ. ತಳದಿಂದ ತೆಗೆದ ರಾಡಿಯನ್ನು ಎಸೆಯಬೇಡಿ, ತೆಂಗಿನ ಬುಡಕ್ಕೆ ಒಳ್ಳೇ ಗೊಬ್ಬರ.

ನೀರು ಹಸಿರಾಗುವುದು ಬಿಸಿಲು ಮತ್ತು ಕೊಳೆತ ಎಲೆಯಿಂದ. ನೀರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನೈದಿಲೆ ಎಲೆ ಮುಚ್ಚಿದರೆ ಪಾಚಿ ತಾನಾಗಿ ಕಡಿಮೆಯಾಗುತ್ತದೆ. ಅಗಲ ಬಾಯಿಯ ಕುಂಡಕ್ಕೆ ಎರೆಮಣ್ಣು ತುಂಬಿ ನೈದಿಲೆ ನೆಟ್ಟು, ಮೇಲೆ ಸಣ್ಣ ಜಲ್ಲಿ ಹರಡಿ ಮುಳುಗಿಸಿ. ನಮ್ಮ ತೊಟ್ಟಿ ಒಡೆದ ಮಣ್ಣೇ ಇಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ! ತೆಂಗಿನ ನಾರಿನ ಪುಡಿ ಹಾಕಿದರೆ ತೇಲಿ ಬರುತ್ತದೆ. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಹಬ್ಬಿದ ಆ ನೀಲಿ ಹೂವಿನ ಕಳೆಯನ್ನು ಮಾತ್ರ ಚೆಂದ ಅಂತ ಕಿತ್ತು ತರಬೇಡಿ. ಪಂಪು ಬೇಕೇ ಅಂದರೆ, ಗಿಡ ಇದ್ದು ಮೀನು ಕಡಿಮೆ ಇದ್ದರೆ ಬೇಡ. ಹಾಕಿದರೂ 18 ವ್ಯಾಟಿನದು ಹಗಲು ರಾತ್ರಿ ಓಡಿದರೆ ತಿಂಗಳಿಗೆ 13 ಯುನಿಟ್ ಆಗುತ್ತದೆ.

ಸೊಳ್ಳೆಯ ಭಯ ಎಲ್ಲರಿಗೂ ಇರುತ್ತದೆ, ಇರಲೂಬೇಕು. ಡೆಂಗಿ ಸೊಳ್ಳೆ ನಿಂತ ತಿಳಿ ನೀರಲ್ಲೇ ಮೊಟ್ಟೆ ಇಡುತ್ತದೆ, ವಾರ ಹತ್ತು ದಿನದಲ್ಲಿ ಹಾರಾಡುತ್ತದೆ. ಆದ್ದರಿಂದ ನೀರು ತುಂಬಿದ ವಾರದೊಳಗೆ ಗಪ್ಪಿ ಮೀನು ಬಿಡಿ. ಆರೋಗ್ಯ ಇಲಾಖೆಯವರೂ ಸೊಳ್ಳೆ ಮರಿ ತಿನ್ನಲಿ ಅಂತ ಗಪ್ಪಿ, ಗಂಬೂಸಿಯಾ ಬಿಡುತ್ತಾರೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನಾನಂತೂ ಗಪ್ಪಿಯನ್ನೇ ಹೇಳುತ್ತೇನೆ. ಗಂಬೂಸಿಯಾ ಕಪ್ಪೆ ಮರಿಗಳನ್ನೂ ಬಿಡುವುದಿಲ್ಲ. ಹತ್ತು ಗಪ್ಪಿ ಬಿಟ್ಟರೆ ಸಾಕು, ಮೊದಲ ಕೆಲವು ವಾರ ಕಾಳು ಹಾಕಲೇಬೇಡಿ. ಹೊಟ್ಟೆ ತುಂಬಿದ ಮೀನು ಸೊಳ್ಳೆ ಮರಿ ಹುಡುಕಿಕೊಂಡು ಹೋಗೋದಿಲ್ಲ. ಮರಿ ಹಾಕಿ ಜಾಸ್ತಿಯಾದರೆ ನೆರೆಮನೆಯವರ ತೊಟ್ಟಿಗೆ ಕೊಡಿ, ಕೆರೆಗೆ ಬಿಡಬೇಡಿ.