ಓದುಗರ ಪ್ರಶ್ನೆ: ‘ಟೊಯೊಟಾ ಎಂಜಿನ್ ಕೆಡೋದೇ ಇಲ್ವಂತೆ, ಹೌದಾ?’

ಪ್ರಶ್ನೆ: 2011ರ ಡೀಸೆಲ್ ಇನ್ನೋವಾ ಒಂದು ನೋಡಿದ್ದೇವೆ. 3 ಲಕ್ಷ 20 ಸಾವಿರ ಕಿ.ಮೀ. ಓಡಿದೆ. ಎಂಜಿನ್ನಿಗೆ ಇದುವರೆಗೆ ಯಾರೂ ಕೈ ಹಾಕಿಲ್ಲವಂತೆ. ‘ಟೊಯೊಟಾ ಅಲ್ವಾ, ಇನ್ನೂ ಎರಡು ಲಕ್ಷ ಕಣ್ಣು ಮುಚ್ಚಿ ಓಡಿಸಿ’ ಅಂತ ಎಲ್ಲರೂ ಹೇಳ್ತಿದ್ದಾರೆ. ತಗೋಬಹುದಾ?

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ. ಇಸವಿ ಬದಲಾಗುತ್ತದೆ, ಕಿಲೋಮೀಟರ್ ಬದಲಾಗುತ್ತದೆ, ‘ಟೊಯೊಟಾ ಅಲ್ವಾ’ ಅನ್ನುವ ಮಾತು ಮಾತ್ರ ಹಾಗೇ ಇರುತ್ತದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಾಲ್ವುಗಳನ್ನು ಪಿಸ್ಟನ್ನಿಗೆ ಹೊಂದಿಸಿ ಓಡಿಸುವ ಟೈಮಿಂಗ್ ಬೆಲ್ಟ್, ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ತಾಮ್ರದ ವಾಷರ್, ಆಯಿಲ್ ಚೇಂಬರಿನೊಳಗೆ ಎಣ್ಣೆ ಸೋಸುವ ಸ್ಟ್ರೈನರ್, ಈ ಮೂರರ ಲೆಕ್ಕ ಸಿಕ್ಕರೆ ತಗೊಳ್ಳಿ. ಲೆಕ್ಕ ಸಿಗದಿದ್ದರೆ ಅವುಗಳ ಖರ್ಚನ್ನು ಬೆಲೆಯಲ್ಲಿ ಕಳೆದು ತಗೊಳ್ಳಿ. ಕಣ್ಣು ಮುಚ್ಚಿ ಮಾತ್ರ ಬೇಡ.

‘ಎಂಜಿನ್ನಿಗೆ ಕೈ ಹಾಕಿಲ್ಲ’ ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ, ಕೊಳ್ಳುವವರು ಖುಷಿಯಿಂದ ಕೇಳುತ್ತಾರೆ. ನಿಮ್ಮದು 2494 ಸಿಸಿಯ ಡಿ-4ಡಿ ಎಂಜಿನ್, ಟೊಯೊಟಾ ಸಂಕೇತದಲ್ಲಿ 2ಕೆಡಿ. ಇದರಲ್ಲಿ ಟೈಮಿಂಗ್ ಚೈನ್ ಇಲ್ಲ, ರಬ್ಬರ್ ಬೆಲ್ಟ್ ಇದೆ. ಒಂದರಿಂದ ಒಂದೂವರೆ ಲಕ್ಷ ಕಿ.ಮೀ.ಗೆ ಒಮ್ಮೆ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ಐಡ್ಲರ್ ಗಾಲಿಗಳ ಸಮೇತ, ಅದನ್ನು ಬದಲಾಯಿಸಲೇಬೇಕು. ಬೆಲ್ಟ್ ಕಡಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಬಾಗುತ್ತದೆ, ವಾಲ್ವ್ ಒತ್ತುವ ರಾಕರ್ ಮುರಿಯುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕಾಗುತ್ತದೆ. 3 ಲಕ್ಷ ದಾಟಿದ ಗಾಡಿಗೆ ನಿಜವಾಗಿಯೂ ಕೈ ಹಾಕಿಲ್ಲ ಅಂದರೆ ಬೆಲ್ಟ್ ಯಾವ ಕ್ಷಣದಲ್ಲಾದರೂ ಹೋಗಬಹುದು. ಬೆಲ್ಟ್ ಬದಲಾಗಿದ್ದರೆ ಕೈ ಹಾಕಿದ್ದಾರೆ ಎಂದಾಯಿತು, ಆಗ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ಎಣಿಸಿ.

ಬೆಲ್ಟಿನ ವಿಷಯ ಅನೇಕರಿಗೆ ಗೊತ್ತು. ವಾಷರಿನ ವಿಷಯ ಗೊತ್ತಿರುವವರು ಕಡಿಮೆ. ಈ ಎಂಜಿನ್ನಿನಲ್ಲಿ ನಾಲ್ಕು ಇಂಜೆಕ್ಟರ್‌ಗಳೂ ಕೂರುವ ಜಾಗ ಇರುವುದು ಹೆಡ್ ಕವರಿನ ಒಳಗೆ. ಪ್ರತಿ ಇಂಜೆಕ್ಟರಿನ ತುದಿಗೆ ಒಂದು ತೆಳು ತಾಮ್ರದ ವಾಷರ್ ಇರುತ್ತದೆ. ಸಿಲಿಂಡರಿನ ಬೆಂಕಿ ಮೇಲಕ್ಕೆ ಬರದಂತೆ ತಡೆಯುವುದು ಅದೇ. ವರ್ಷಗಳು ಕಳೆದಂತೆ ಅದು ಬಿಗಿ ಕಳೆದುಕೊಳ್ಳುತ್ತದೆ, ಉರಿದ ಗಾಳಿ ಪಕ್ಕದಿಂದ ನುಸುಳುತ್ತದೆ. ಇಂಜೆಕ್ಟರ್ ಹೊರಗಡೆ ಇರುವ ಎಂಜಿನ್ನುಗಳಲ್ಲಾದರೆ ಈ ಸೋರಿಕೆ ಚಸ್ ಚಸ್ ಎಂದು ಕಿವಿಗೆ ಬೀಳುತ್ತದೆ, ಸುತ್ತ ಮಸಿ ಕಟ್ಟಿದ್ದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಎರಡೂ ಇಲ್ಲ. ಮಸಿ ಕವರಿನೊಳಗೇ ಉಳಿದು ಎಣ್ಣೆಗೆ ಬೆರೆತು ಕೆಳಗಿಳಿಯುತ್ತದೆ. ಎಣ್ಣೆ ಡಾಂಬರಿನಂತೆ ದಪ್ಪಗಾಗಿ, ಕರಿ ಕೊಳೆ ಗಟ್ಟಿಯಾಗಿ, ಚೇಂಬರಿನ ತಳದಲ್ಲಿರುವ ಸ್ಟ್ರೈನರಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಆಯಿಲ್ ಪಂಪ್ ಎಣ್ಣೆ ಎಳೆಯುವುದು ಆ ಜಾಲರಿಯ ಮೂಲಕ. ಅದು ಮುಚ್ಚಿದರೆ ಬೇರಿಂಗಿಗೆ ಎಣ್ಣೆ ಇಲ್ಲ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಎಣ್ಣೆ ಮೇಲಿನ ಗುರುತಿಗೇ ಇರುತ್ತದೆ, ಎಂಜಿನ್ ಮಾತ್ರ ಹೆದ್ದಾರಿಯಲ್ಲಿ ಜಾಮ್ ಆಗಿ ನಿಂತಿರುತ್ತದೆ. ‘ಎಣ್ಣೆ ಸರಿಯಾಗಿಯೇ ಇತ್ತಲ್ಲ, ಟೊಯೊಟಾ ಹೀಗೆ ಕೈ ಕೊಡುತ್ತಾ?’ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ. ಕೆಲವೇ ರೂಪಾಯಿಯ ವಾಷರ್ ಇಡೀ ಎಂಜಿನ್ ತೆಗೆದುಕೊಂಡು ಹೋಗುತ್ತದೆ.

ಇದನ್ನು ಪರೀಕ್ಷಿಸುವ ಕ್ರಮ ಹೀಗೆ. ಗಾಡಿ ನೋಡಲು ಹೋಗುವ ಮೊದಲೇ, ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ, ಯಾಕೆಂದರೆ ಇಂಜೆಕ್ಟರಿನ ಸದ್ದು, ಹೊಗೆ ಎಲ್ಲ ತಣ್ಣಗಿರುವಾಗಲೇ ತಿಳಿಯುವುದು. ಐಡ್ಲಿನಲ್ಲಿ ಓಡುವಾಗ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ಬಾಯಿಯ ಮೇಲೆ ಬೋರಲು ಇಡಿ. ಸ್ವಲ್ಪ ನಡುಗಿದರೆ ಸಹಜ. ಕುಣಿದು ಕೆಳಗೆ ಬೀಳುವಂತಿದ್ದರೆ, ಬುಸುಬುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ಸಿಲಿಂಡರಿನ ಒತ್ತಡ ಎಂಜಿನ್ನಿನೊಳಕ್ಕೆ ಸೋರುತ್ತಿದೆ. ಗ್ಯಾರೇಜಿನವರು ಇದನ್ನು ಕಂಡ ತಕ್ಷಣ ‘ರಿಂಗ್ ಹೋಗಿದೆ, ಬೋರಿಂಗ್ ಮಾಡಿಸಬೇಕು’ ಎನ್ನುತ್ತಾರೆ. ಒಪ್ಪುವ ಮೊದಲು ಇಂಜೆಕ್ಟರ್ ವಾಷರ್ ನೋಡಿಸಿ, ಅದರ ಸೋರಿಕೆಯೂ ಇದೇ ಲಕ್ಷಣ ತೋರಿಸುತ್ತದೆ. ಸ್ಕ್ಯಾನರ್ ಹಾಕಿಸಿ ನಾಲ್ಕೂ ಇಂಜೆಕ್ಟರುಗಳ ಫೀಡ್‌ಬ್ಯಾಕ್ ಅಂಕೆ (ಯಾವುದಕ್ಕೆ ಡೀಸೆಲನ್ನು ಕಂಪ್ಯೂಟರ್ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದು) ಓದಿಸಿ. ಒಂದು ಮಾತ್ರ ಉಳಿದ ಮೂರರಿಂದ ದೂರ ಹೋಗಿದ್ದರೆ ಅದು ಹೋಗುವ ದಾರಿಯಲ್ಲಿದೆ. ಸ್ಟ್ರೈನರ್ ನೋಡಲು ಚೇಂಬರ್ ಇಳಿಸಬೇಕಾಗಿಯೂ ಇಲ್ಲ. ಎಣ್ಣೆ ಇಳಿಸಿದಾಗ ಡ್ರೈನ್ ಬೋಲ್ಟಿನ ತೂತಿನಿಂದ ಸಣ್ಣ ಬೋರ್‌ಸ್ಕೋಪ್ ಕ್ಯಾಮೆರಾ ತೂರಿಸಿದರೆ ಜಾಲರಿ ಕಾಣುತ್ತದೆ. ಜಾಲರಿಯ ಕಣ್ಣುಗಳು ತೆರೆದಿದ್ದರೆ ಸರಿ, ಕಾಲು ಭಾಗ ಕಪ್ಪಾಗಿ ಮುಚ್ಚಿದ್ದರೂ ಚೇಂಬರ್ ಇಳಿಸಿ ತೊಳೆಯಿರಿ, ಅದೇ ದಿನ ವಾಷರುಗಳನ್ನೂ ಬದಲಾಯಿಸಿ. ಹಳೆ ವಾಷರ್ ಉಜ್ಜಿ ಮತ್ತೆ ಹಾಕಲು ಬಿಡಬೇಡಿ. ಕೂರುವ ಜಾಗದ ಕಾರ್ಬನ್ ಪೂರ್ತಿ ಕೆರೆಸಿ, ಇಲ್ಲದಿದ್ದರೆ ಹೊಸ ವಾಷರೂ ಸಮನಾಗಿ ಕೂರದೆ ಬೇಗ ಸೋರುತ್ತದೆ. ಬಿಚ್ಚಿದ ಇಂಜೆಕ್ಟರ್ ಅದದೇ ಸಿಲಿಂಡರಿಗೆ ಮರಳಬೇಕು.

ಟೊಯೊಟಾ ಹೆಸರು ಮಾಡಿದ್ದು ಎಲ್ಲಿಂದ ಎನ್ನುವುದಕ್ಕೂ ಈ ಸ್ಟ್ರೈನರಿಗೂ ಸಂಬಂಧ ಇದೆ. ಟೊಯೊಟಾ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತೈಚಿ ಓನೊ, ‘ಯಾಕೆ ಎಂದು ಐದು ಸಲ ಕೇಳಿ’ ಎಂದು ಕಲಿಸಲು ಒಂದು ಉದಾಹರಣೆ ಕೊಡುತ್ತಿದ್ದರು. ಯಂತ್ರ ನಿಂತಿತು, ಯಾಕೆ? ಭಾರ ಹೆಚ್ಚಿ ಫ್ಯೂಸ್ ಹೋಯಿತು. ಭಾರ ಯಾಕೆ ಹೆಚ್ಚಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ ಸಾಲಲಿಲ್ಲ? ಪಂಪ್ ಸರಿಯಾಗಿ ಎಳೆಯಲಿಲ್ಲ. ಯಾಕೆ? ಪಂಪಿನ ಶಾಫ್ಟ್ ಸವೆದಿತ್ತು. ಯಾಕೆ ಸವೆಯಿತು? ಸ್ಟ್ರೈನರ್ ಹಾಕಿರಲಿಲ್ಲ, ಲೋಹದ ಪುಡಿ ಒಳಗೆ ಹೋಗಿತ್ತು. ಫ್ಯೂಸ್ ಬದಲಾಯಿಸಿ ಮುಂದೆ ಹೋದವರಿಗೆ ಯಂತ್ರ ಮತ್ತೆ ನಿಲ್ಲುತ್ತದೆ, ಸ್ಟ್ರೈನರ್ ಹಾಕಿದವರಿಗೆ ನಿಲ್ಲುವುದಿಲ್ಲ. ಕಂಪನಿ ಹೆಸರು ಗಳಿಸಿದ್ದು ಈ ಅಭ್ಯಾಸದಿಂದ. ಅವರ ಕಬ್ಬಿಣ ಬೇರೆಯವರ ಕಬ್ಬಿಣಕ್ಕಿಂತ ಗಟ್ಟಿ ಎಂಬ ಕಾರಣದಿಂದ ಅಲ್ಲ.

ಈ ಅಭ್ಯಾಸ ಮಗ್ಗದಿಂದ ಬಂದದ್ದು. ಸಕಿಚಿ ಟೊಯೊಡಾ ಕಾರು ಮಾಡಿದವರಲ್ಲ, ಮಗ್ಗ ಮಾಡಿದವರು. 1924ರ ಅವರ ಜಿ ಮಾದರಿಯ ಸ್ವಯಂಚಾಲಿತ ಮಗ್ಗದಲ್ಲಿ ಹಾಸಿನ ಒಂದೇ ಎಳೆ ಕಡಿದರೂ ಮಗ್ಗ ತಾನಾಗಿ ನಿಲ್ಲುತ್ತಿತ್ತು. ನೇಕಾರರ ಮನೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಎಳೆ ಕಡಿದದ್ದು ಕಾಣದೆ ನೇಯುತ್ತಾ ಹೋದರೆ ಗಜಗಟ್ಟಲೆ ಬಟ್ಟೆ ಹಾಳು. 1929ರಲ್ಲಿ ಆ ಮಗ್ಗದ ಪೇಟೆಂಟ್ ಹಕ್ಕು ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್‌ಗೆ 1 ಲಕ್ಷ ಪೌಂಡಿಗೆ ಹೋಯಿತು. 1933ರಲ್ಲಿ ಮಗ ಕಿಚಿರೊ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದರು. 1937ರಲ್ಲಿ ಅದು ಬೇರೆ ಕಂಪನಿಯಾಯಿತು. ತಪ್ಪು ಕಂಡರೆ ನಿಲ್ಲಿಸು ಎಂಬ ಮಗ್ಗದ ಗುಣವೇ ಮುಂದೆ ಕಾರಿನ ಅಸೆಂಬ್ಲಿ ಸಾಲಿನ ಪಕ್ಕದಲ್ಲಿ ಹಗ್ಗವಾಗಿ ತೂಗಿತು. ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು.

ಆರಂಭದಲ್ಲೇ ಗಟ್ಟಿ ಗಾಡಿ ಮಾಡಿದರು ಎಂಬ ಕಲ್ಪನೆಯೂ ಬೇಡ. 1935ರ ಮೊದಲ ಜಿ1 ಲಾರಿಗಳ ಹಿಂದಿನ ಆಕ್ಸಲ್ ಹೌಸಿಂಗ್ ದಾರಿಯಲ್ಲೇ ಮುರಿಯುತ್ತಿತ್ತು. 1957ರಲ್ಲಿ ಒಂದೂವರೆ ಲೀಟರ್ ಎಂಜಿನ್ನಿನ ಕ್ರೌನ್ ಕಾರನ್ನು ಅಮೆರಿಕಕ್ಕೆ ಒಯ್ದರು. ಜಪಾನಿನ ಕೆಟ್ಟ ರಸ್ತೆಗಳಲ್ಲಿ ಚೆನ್ನಾಗಿದ್ದ ಕಾರು ಅಲ್ಲಿನ ಹೆದ್ದಾರಿಯ ವೇಗದಲ್ಲಿ ಏದುಸಿರು ಬಿಟ್ಟಿತು. 1958ರಲ್ಲಿ ಮಾರಾಟವಾದದ್ದು 287 ಕ್ರೌನ್. ಕೊನೆಗೆ ಅಲ್ಲಿಗೆ ಕಾರು ಕಳಿಸುವುದನ್ನೇ ನಿಲ್ಲಿಸಿ, 1965ರಲ್ಲಿ ಕೊರೊನಾ ಕಾರಿನೊಂದಿಗೆ ಮತ್ತೆ ಹೋದರು. ಈಗ ನಾವು ಹೊಗಳುವ ಹೆಸರು ಹುಟ್ಟಿದ್ದು ಆ ಎರಡನೇ ಪ್ರವೇಶದಿಂದ.

ಆಮೇಲೆಯೂ ಕೆಟ್ಟಿವೆ. 1997ರಿಂದ 2002ರವರೆಗಿನ ಕೆಲವು ಕ್ಯಾಮ್ರಿ ಮತ್ತಿತರ ಕಾರುಗಳ ಎಂಜಿನ್ನಿನಲ್ಲಿ ಎಣ್ಣೆ ಲೋಳೆಗಟ್ಟಿ, ಕಂಪನಿ ಎಂಟು ವರ್ಷದ ಹೊಣೆ ಹೊರಬೇಕಾಯಿತು. ಅಮೆರಿಕದಲ್ಲಿ ಟಕೋಮಾ ಪಿಕಪ್‌ಗಳ ಚಾಸಿಗೆ ತುಕ್ಕು ಹಿಡಿದು, ಕೆಲವನ್ನು ಕಂಪನಿಯೇ ಮರಳಿ ಕೊಂಡಿತು. 2009-10ರಲ್ಲಿ ಆಕ್ಸಿಲರೇಟರ್ ಪೆಡಲ್ ಸಿಕ್ಕಿಕೊಳ್ಳುವ ದೂರು ಬಂದಾಗ ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕೂತು ಉತ್ತರ ಕೊಡಬೇಕಾಯಿತು. ಎಲೆಕ್ಟ್ರಾನಿಕ್ಸಿನಲ್ಲಿ ದೋಷ ಕಾಣಲಿಲ್ಲ ಎಂದು ನಾಸಾದ ಎಂಜಿನಿಯರುಗಳು 2011ರಲ್ಲಿ ಹೇಳಿದರು. ಆದರೆ ಪೆಡಲ್ ಮತ್ತು ಮ್ಯಾಟಿನ ದೋಷದ ಬಗ್ಗೆ ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬ ಪ್ರಕರಣದಲ್ಲಿ ಕಂಪನಿ 2014ರಲ್ಲಿ 120 ಕೋಟಿ ಡಾಲರ್ ಕಟ್ಟಿತು. 2023ರ ಡಿಸೆಂಬರಿನಲ್ಲಿ ಅಂಗಸಂಸ್ಥೆ ಡೈಹಾಟ್ಸುವಿನ ಸುರಕ್ಷತಾ ಪರೀಕ್ಷೆಗಳಲ್ಲಿ ವ್ಯಾಪಕ ಅಕ್ರಮ ಹೊರಬಿತ್ತು. ಮರು ತಿಂಗಳೇ ಮೂರು ಡೀಸೆಲ್ ಎಂಜಿನ್ನುಗಳ ಅಶ್ವಶಕ್ತಿ ಪರೀಕ್ಷೆಯಲ್ಲಿ ಬೇರೆ ಸಾಫ್ಟ್‌ವೇರ್ ಬಳಸಿದ್ದು ಬಯಲಾಯಿತು, ನಮ್ಮಲ್ಲೂ ಕ್ರಿಸ್ಟಾ, ಫಾರ್ಚ್ಯೂನರ್, ಹೈಲಕ್ಸ್ ರವಾನೆ ಕೆಲಕಾಲ ನಿಂತಿತು. ಆ ಎಂಜಿನ್ ತಯಾರಿಸಿದ್ದು ಟೊಯೊಟಾ ಇಂಡಸ್ಟ್ರೀಸ್. ಅಂದರೆ ಸಕಿಚಿಯವರ ಆ ಮಗ್ಗದ ಕಂಪನಿಯೇ. ಎಳೆ ಕಡಿದರೆ ನಿಲ್ಲಿಸು ಎಂದು ಜಗತ್ತಿಗೆ ಕಲಿಸಿದ ಮನೆಯಲ್ಲೇ ಹೀಗಾದದ್ದು ಈ ಕಂಪನಿಯನ್ನು ಮೆಚ್ಚುವ ಯಾರಿಗಾದರೂ ನೋವಿನ ಸಂಗತಿ.

ಹಾಗಾದರೆ ಐದು ಲಕ್ಷ ಓಡಿದ ಇನ್ನೋವಾಗಳು ಸುಳ್ಳೇ? ಅಲ್ಲ, ನಿಜವಾಗಿ ಓಡಿವೆ. ಆದರೆ ಅವು ಹೇಗೆ ಓಡಿದವು ನೋಡಿ. ಟ್ಯಾಕ್ಸಿ ಬೆಳಗ್ಗೆ ಒಮ್ಮೆ ಸ್ಟಾರ್ಟ್ ಆದರೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೋ ಹುಬ್ಬಳ್ಳಿಗೋ ಬಿಸಿ ಎಂಜಿನ್ನಿನಲ್ಲೇ, ಟಾಪ್ ಗೇರಿನಲ್ಲೇ ಗಂಟೆಗಟ್ಟಲೆ ಹೋಗುತ್ತದೆ. ಎಂಜಿನ್ ಹೆಚ್ಚು ಸವೆಯುವುದು ತಣ್ಣಗಿದ್ದಾಗ. ತಿಂಗಳಿಗೆ ಐದಾರು ಸಾವಿರ ಕಿ.ಮೀ. ಓಡುವ ಗಾಡಿಗೆ ಎರಡು ತಿಂಗಳಿಗೊಮ್ಮೆ ಹೊಸ ಎಣ್ಣೆ ಬೀಳುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಮೂರು ಕಿ.ಮೀ. ಮರಳಿ ಬರುವ ಮನೆ ಗಾಡಿಯ ಎಣ್ಣೆ ಹತ್ತು ಸಾವಿರ ಮುಟ್ಟುವ ಹೊತ್ತಿಗೆ ಎರಡು ವರ್ಷ ಹಳೆಯದಾಗಿರುತ್ತದೆ. ಕಿಲೋಮೀಟರ್ ಮತ್ತು ತಿಂಗಳು, ಎರಡರಲ್ಲಿ ಯಾವುದು ಮೊದಲೋ ಅದಕ್ಕೆ ಎಣ್ಣೆ ಬದಲಾಯಿಸಿ ಎಂದು ಪುಸ್ತಕದಲ್ಲಿ ಬರೆದಿರುವುದು ಇದಕ್ಕೇ. 80 ಸಾವಿರ ಓಡಿದ ಸಿಟಿ ಗಾಡಿಗಿಂತ 3 ಲಕ್ಷದ ಹೆದ್ದಾರಿ ಗಾಡಿಯ ಎಂಜಿನ್ ಚೆನ್ನಾಗಿರುವುದು ಎಷ್ಟೋ ಸಲ ಉಂಟು. ಇನ್ನೊಂದು ಮಾತು: ರಸ್ತೆಯಲ್ಲಿ ನಮಗೆ ಕಾಣುವುದು ಉಳಿದ ಗಾಡಿಗಳು ಮಾತ್ರ. ಎಂಜಿನ್ ಜಾಮ್ ಆಗಿ ಗುಜರಿಗೆ ಹೋದ ಇನ್ನೋವಾ ಟೋಲ್ ಗೇಟಿನಲ್ಲಿ ನಿಮ್ಮ ಮುಂದೆ ನಿಂತಿರುವುದಿಲ್ಲ.

ಯಾರೂ ಕೇಳದಿದ್ದರೂ ಇಲ್ಲೇ ಹೇಳಬೇಕಾದದ್ದು ಒಂದಿದೆ. ‘ಟೊಯೊಟಾ ಎಂಜಿನ್’ ಎಂದುಕೊಂಡು ಇಂದು ಹೊಸ ಕಾರು ಕೊಳ್ಳುವವರಲ್ಲಿ ಅನೇಕರು ಕೊಳ್ಳುತ್ತಿರುವುದು ಸುಜುಕಿ ಎಂಜಿನ್. ಗ್ಲಾಂಜಾ ಎಂದರೆ ಬಲೆನೊ, ರೂಮಿಯಾನ್ ಎಂದರೆ ಎರ್ಟಿಗಾ, ಟೈಸರ್ ಎಂದರೆ ಫ್ರಾಂಕ್ಸ್. ಇವು ಸುಜುಕಿ ಕಡೆಯಿಂದ ಬರುತ್ತವೆ. ಒಳ್ಳೆಯ ಕಾರುಗಳೇ, ಆದರೆ ಇನ್ನೋವಾದ ಕಥೆ ಹೇಳಿ ಗ್ಲಾಂಜಾ ಮಾರಿದರೆ ನಂಬಬೇಡಿ. ಉಲ್ಟಾ ಕೂಡ ಉಂಟು. ಮಾರುತಿ ಇನ್ವಿಕ್ಟೊ ಎಂದರೆ ಇನ್ನೋವಾ ಹೈಕ್ರಾಸ್, ತಯಾರಾಗುವುದು ಬಿಡದಿಯಲ್ಲಿ. 1999ರ ಡಿಸೆಂಬರಿನಲ್ಲಿ ಕ್ವಾಲಿಸ್‌ನಿಂದ ಉತ್ಪಾದನೆ ಶುರು ಮಾಡಿದ ಆವರಣ ಅದು. ಮಾರುತಿ ಗ್ರ್ಯಾಂಡ್ ವಿಟಾರಾವನ್ನೂ ಟೊಯೊಟಾ ಹೈರೈಡರನ್ನೂ ಅಲ್ಲೇ ಒಟ್ಟಿಗೆ ಕಟ್ಟತೊಡಗಿದರು. ಆ ಜೋಡಿಯೊಳಗೂ ಭೇದ ಇದೆ. ಮೈಲ್ಡ್ ಹೈಬ್ರಿಡ್ (ಬ್ಯಾಟರಿ ಎಂಜಿನ್ನಿಗೆ ಬರೀ ಕೈ ಜೋಡಿಸುವುದು) ಆದರೆ ಅದು ಸುಜುಕಿಯ ನಾಲ್ಕು ಸಿಲಿಂಡರಿನ ಕೆ15ಸಿ ಎಂಜಿನ್, ಸ್ಟ್ರಾಂಗ್ ಹೈಬ್ರಿಡ್ (ಸ್ವಲ್ಪ ದೂರ ಬ್ಯಾಟರಿಯಲ್ಲೇ ಓಡಬಲ್ಲದು) ಆದರೆ ಟೊಯೊಟಾದ ಮೂರು ಸಿಲಿಂಡರಿನ ಎಂಜಿನ್. ಯಾವ ಲೋಗೋ ಅಂಟಿಸಿದ್ದಾರೆ ಎಂದು ನೋಡಿದರೆ ಇದು ತಿಳಿಯುವುದಿಲ್ಲ, ಬಾನೆಟ್ ಎತ್ತಿ ನೋಡಬೇಕು.

ನಿಮ್ಮ ಇನ್ನೋವಾಗೆ ಬದಲಾಗಿ ಕ್ರಿಸ್ಟಾ ಸಿಗುವಂತಿದ್ದರೆ ಅದರಲ್ಲಿ ಟೈಮಿಂಗ್ ಚೈನ್ ಇದೆ, ಬೆಲ್ಟಿನ ಚಿಂತೆ ತಪ್ಪುತ್ತದೆ. ಆದರೆ ಬಿಎಸ್6 ಡೀಸೆಲ್ ಆದರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದಕ್ಕೆ ಒಗ್ಗುವ ಕಡಿಮೆ ಬೂದಿಯ ಎಣ್ಣೆಯನ್ನೇ ಹಾಕಿದ್ದಾರಾ ಎಂದು ಸರ್ವೀಸ್ ಬಿಲ್ಲಿನಲ್ಲಿ ನೋಡಿ.